ತಂಗಡಿ

ತಂಗಡಿಯು ಫ್ಯಾಬೇಸೀ ಕುಟುಂಬಕ್ಕೆ ಸೇರಿದ, ವರ್ಷದ ಬಹುಪಾಲು ಹಳದಿ ಹೂ ಬಿಡುವ, ಬರ ತಾಳುವ ದೇಶೀಯ ಪೊದೆಗಿಡ. ಇದರ ಶಾಸ್ತ್ರೀಯ ನಾಮ ಸೆನ್ನ ಆರಿಕ್ಯುಲೇಟ. ದಕ್ಷಿಣ ಭಾರತದ ಒಣ ಬಯಲುಗಳಲ್ಲಿ, ಹೊಲದ ಬದುಗಳಲ್ಲಿ, ಕಲ್ಲುಮಿಶ್ರಿತ ಗೋಮಾಳಗಳಲ್ಲಿ ತಾನಾಗಿ ಬೆಳೆಯುತ್ತದೆ. ಚರ್ಮ ಹದ ಮಾಡುವ ತೊಗಟೆಗಾಗಿ ಒಂದು ಕಾಲಕ್ಕೆ ದೊಡ್ಡ ವ್ಯಾಪಾರದ ಸರಕಾಗಿತ್ತು. ಇಂದು ದುಂಬಿ, ಚಿಟ್ಟೆ ಮತ್ತು ಸಣ್ಣ ಹಕ್ಕಿಗಳಿಗೆ ಆಸರೆಯಾಗುವ ಹಿತ್ತಿಲ ಗಿಡವಾಗಿ ಗಮನಕ್ಕೆ ಬರುತ್ತಿದೆ. ಈ ಲೇಖನವು ಗಿಡದ ಸಾಮಾನ್ಯ ವಿವರಗಳೊಂದಿಗೆ ದಾವಣಗೆರೆ ಜಿಲ್ಲೆ ಹರಿಹರ ತಾಲ್ಲೂಕಿನ ನಂದಿಗುಡಿ ಸುತ್ತಿನ ಸೀಮೆಯಲ್ಲಿ ಅದರ ನೆಲೆ ಮತ್ತು ಬಳಕೆಯನ್ನೂ ಒಳಗೊಂಡಿದೆ.

ಹೆಸರು ಮತ್ತು ವರ್ಗೀಕರಣ

ಕನ್ನಡದಲ್ಲಿ ಈ ಗಿಡಕ್ಕೆ ತಂಗಡಿ, ತಂಗಟೆ, ಆವರಿಕೆ, ಹೊನ್ನಾವರಿಕೆ ಎಂಬ ಹೆಸರುಗಳಿವೆ. ಆಡುಮಾತಿನಲ್ಲಿ ಹೊನ್ನಾವರಿಕೆಯು ಹೊನ್ನಾರಿಕೆ ಆಗುತ್ತದೆ. ತೆಲುಗಿನಲ್ಲಿ ತಂಗೇಡು, ತಮಿಳಿನಲ್ಲಿ ಆವಾರೈ, ಮರಾಠಿಯಲ್ಲಿ ತರವಡ, ಸಿಂಹಳದಲ್ಲಿ ರಣವರ. ಸಂಸ್ಕೃತ ವೈದ್ಯಗ್ರಂಥಗಳ ಆವರ್ತಕಿಯನ್ನು ಇದೇ ಗಿಡವೆಂದು ಗುರುತಿಸುವುದು ವಾಡಿಕೆ. ಈ ಲೇಖನದಲ್ಲಿ ಉದ್ದಕ್ಕೂ ತಂಗಡಿ ಎಂಬ ರೂಪವನ್ನೇ ಬಳಸಿದೆ. ತಗಚೆ ಎಂಬುದು ಬೇರೆ ಗಿಡ. ಸ್ವರ ಸಾಮ್ಯದಿಂದ ಇವೆರಡನ್ನು ಒಂದೇ ಎಂದು ಬರೆದಿರುವುದು ಔಷಧ ಗಿಡಗಳ ಪಟ್ಟಿಗಳಲ್ಲಿ ಕಾಣಸಿಗುತ್ತದೆ, ಅದು ತಪ್ಪು.

ಸ್ವೀಡನ್ನಿನ ಕಾರ್ಲ್ ಲಿನೇಯಸ್ 1753ರಲ್ಲಿ ಇದನ್ನು ಕ್ಯಾಸಿಯ ಆರಿಕ್ಯುಲೇಟ ಎಂದು ಹೆಸರಿಸಿದ. ಕಲ್ಕತ್ತೆಯ ಸಸ್ಯೋದ್ಯಾನದ ಮುಖ್ಯಸ್ಥನಾಗಿದ್ದ ವಿಲಿಯಂ ರಾಕ್ಸ್‌ಬರ್ಗ್ ಇದನ್ನು ಸೆನ್ನ ಕುಲಕ್ಕೆ ಸೇರಿಸಿದ. ಆತ ತೀರಿಕೊಂಡದ್ದು 1815ರಲ್ಲಿ. ಈ ಹೆಸರು ಅಚ್ಚಾದದ್ದು 1832ರಲ್ಲಿ, ಆತನ ‘ಫ್ಲೋರಾ ಇಂಡಿಕಾ’ ಗ್ರಂಥದಲ್ಲಿ. ಆದರೂ ಕ್ಯಾಸಿಯ ಎಂಬ ಹಳೆಯ ಕುಲನಾಮವೇ ಒಂದೂವರೆ ಶತಮಾನ ಬಳಕೆಯಲ್ಲಿ ಉಳಿಯಿತು. ಇರ್ವಿನ್ ಮತ್ತು ಬಾರ್ನಿಬಿ ಎಂಬ ಅಮೆರಿಕದ ಸಸ್ಯಶಾಸ್ತ್ರಜ್ಞರು 1982ರಲ್ಲಿ ಪ್ರಕಟಿಸಿದ ಪರಿಷ್ಕರಣೆಯಲ್ಲಿ ಹಳೆಯ ವಿಶಾಲ ಕ್ಯಾಸಿಯವನ್ನು ಕ್ಯಾಸಿಯ, ಸೆನ್ನ, ಕ್ಯಾಮೆಕ್ರಿಸ್ಟ ಎಂದು ಮೂರು ಕುಲಗಳಾಗಿ ವಿಂಗಡಿಸಿದ ಮೇಲೆ ಸೆನ್ನ ಎಂಬ ಹೆಸರು ನೆಲೆಗೊಂಡಿತು. ಚರ್ಮೋದ್ಯಮ ಮತ್ತು ವೈದ್ಯದ ಬರಹಗಳಲ್ಲಿ ಕ್ಯಾಸಿಯ ಆರಿಕ್ಯುಲೇಟ ಎಂದಿದ್ದರೆ ಅದು ಇದೇ ಗಿಡ.

ಮೂಲ ಮತ್ತು ಹರವು

ತಂಗಡಿಯ ಸಹಜ ನೆಲೆ ಭಾರತದ ಪರ್ಯಾಯ ದ್ವೀಪದ ಒಣ ಭಾಗಗಳು, ಶ್ರೀಲಂಕಾದ ಒಣ ವಲಯ ಮತ್ತು ಮ್ಯಾನ್ಮಾರ್. ಕರ್ನಾಟಕದಲ್ಲಿ ಮಲೆನಾಡು ಮತ್ತು ಕರಾವಳಿಯ ಭಾರಿ ಮಳೆಯ ಪ್ರದೇಶಗಳನ್ನು ಬಿಟ್ಟರೆ ಬಯಲುಸೀಮೆಯ ಎಲ್ಲೆಡೆ ಇದೆ. ಕೆಂಪು ಮಣ್ಣು, ಗರಸು, ಕಲ್ಲುನೆಲ ಇದಕ್ಕೆ ಹೆಚ್ಚು ಒಗ್ಗುತ್ತವೆ. ಚೌಳು ನೆಲವನ್ನೂ ಸ್ವಲ್ಪಮಟ್ಟಿಗೆ ಸಹಿಸುತ್ತದೆ. ನಿಂತ ನೀರನ್ನು ಮಾತ್ರ ಸಹಿಸುವುದಿಲ್ಲ.

ದನ, ಕುರಿ, ಮೇಕೆಗಳು ಇದರ ಸೊಪ್ಪನ್ನು ಸಾಮಾನ್ಯವಾಗಿ ಮುಟ್ಟವು. ಅತಿಯಾಗಿ ಮೇಯಿಸಿದ ಗೋಮಾಳದಲ್ಲಿ ಬೇರೆ ಗಿಡಗಳು ಕುರುಚಾಗಿ ಉಳಿದಾಗಲೂ ತಂಗಡಿ ಎತ್ತರಕ್ಕೆ ನಿಂತು ಹೂ ಬಿಡುವುದಕ್ಕೆ ಇದೇ ಕಾರಣ. ಬೇಲಿ ಹಾಕದೆ ಬೆಳೆಸಬಹುದಾದ ಕೆಲವೇ ದೇಶೀಯ ಹೂಗಿಡಗಳಲ್ಲಿ ಇದೂ ಒಂದು.

ನಂದಿಗುಡಿ ಸೀಮೆಯಲ್ಲಿ

ನಂದಿಗುಡಿಯು ಹರಿಹರ ತಾಲ್ಲೂಕಿನ ಗ್ರಾಮ. ವೃಷಭಪುರಿ ಬೃಹನ್ಮಠದಿಂದ ಹೆಸರಾಗಿದೆ. ತಾಲ್ಲೂಕಿನ ಪಶ್ಚಿಮಕ್ಕೆ ತುಂಗಭದ್ರಾ ನದಿ, ಆಚೆಗೆ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕು. ಸೂಳೆಕೆರೆಯಿಂದ ಹೊರಡುವ ಹರಿದ್ರಾ ಹೊಳೆ ಹರಿಹರದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600ರಿಂದ 700 ಮಿ.ಮೀ. ಮಳೆಯ ಲೆಕ್ಕದಲ್ಲಿ ಇದು ಪೂರ್ತಿ ತಂಗಡಿಯ ಸೀಮೆ.

ಆದರೆ ನೆಲದ ಬಳಕೆ ಬದಲಾಗಿದೆ. ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು 1960ರ ದಶಕದಲ್ಲಿ ಮುಗಿದು ನಾಲೆಯ ನೀರು ಬಂದ ಮೇಲೆ ಮಲೇಬೆನ್ನೂರು ಕಡೆಯ ಜೋಳ, ಹತ್ತಿಯ ಹೊಲಗಳು ಭತ್ತದ ಗದ್ದೆಗಳಾದವು. ಈಚಿನ ದಶಕಗಳಲ್ಲಿ ಅಡಿಕೆ ತೋಟಗಳೂ ಹಬ್ಬಿವೆ. ಗದ್ದೆ ಬಯಲಿನ ತೇವದ ಎರೆ ನೆಲ ತಂಗಡಿಗೆ ಹೊಂದುವಂಥದ್ದಲ್ಲ. ಹೀಗಾಗಿ ನಾಲೆಯ ಸೀಮೆಯಲ್ಲಿ ಅದಕ್ಕೆ ಉಳಿಯುವ ಜಾಗವೆಂದರೆ ನೀರು ಹತ್ತದ ದಿಣ್ಣೆ, ರಸ್ತೆಯ ಅಂಚು, ನಾಲೆ ಏರಿಯ ಒಣ ಮೈ, ಗುಡಿ ಮತ್ತು ಸ್ಮಶಾನಗಳ ಸುತ್ತಲಿನ ಪಾಳು. ಜಿಲ್ಲೆಯ ಒಣ ಭಾಗಗಳಲ್ಲಿ, ಮುಖ್ಯವಾಗಿ ಜಗಳೂರು ತಾಲ್ಲೂಕಿನಲ್ಲಿ, ಕುರುಚಲು ಕಾಡು ಇಂದಿಗೂ ಉಳಿದಿದೆ. ಕೊಂಡುಕುರಿಗಾಗಿ ಘೋಷಿತವಾದ ರಂಗಯ್ಯನದುರ್ಗ ವನ್ಯಧಾಮ ಇರುವುದು ಅಲ್ಲೇ. ನದಿಯಾಚೆ 1974ರಲ್ಲಿ ಸ್ಥಾಪನೆಯಾದ 119 ಚದರ ಕಿ.ಮೀ.ಗಳ ರಾಣೆಬೆನ್ನೂರು ಕೃಷ್ಣಮೃಗ ವನ್ಯಧಾಮವಿದೆ. ಅದರ ಬಹುಭಾಗವನ್ನು ನೀಲಗಿರಿ ನೆಡುತೋಪು ಆಕ್ರಮಿಸಿದ್ದರೂ ನಡುನಡುವೆ ಹುಲ್ಲು ಮತ್ತು ಕುರುಚಲು ಇದೆ. ಇಂಥ ಕುರುಚಲಿನಲ್ಲಿ ತಂಗಡಿಯ ಒಡನಾಡಿಗಳು ಬಂದರಿಕೆ, ಕವಳೆ, ಕಾರೆ, ಬಾರೆ ಮತ್ತು ಎಕ್ಕ.

ಗಿಡದ ರಚನೆ

ಬುಡದಿಂದಲೇ ಹಲವು ಕವಲೊಡೆಯುವ ಪೊದೆ. ಎತ್ತರ ಸಾಮಾನ್ಯವಾಗಿ 1ರಿಂದ 3 ಮೀಟರ್. ತೊಗಟೆ ಕೆಂಗಂದು, ನಯ, ಅಲ್ಲಲ್ಲಿ ಉಬ್ಬಿದ ಉಸಿರುಗಂಡಿಗಳುಳ್ಳದ್ದು. ತಾಯಿಬೇರು ಆಳಕ್ಕೆ ಇಳಿಯುತ್ತದೆ. ದ್ವಿದಳ ಧಾನ್ಯಗಳ ಕುಟುಂಬದ್ದಾದರೂ ಇದರ ಬೇರಿನಲ್ಲಿ ಸಾರಜನಕ ಹಿಡಿಯುವ ಗಂಟುಗಳಿರುವುದಿಲ್ಲ. ಸೆನ್ನ ಕುಲದ ಬಹುತೇಕ ಪ್ರಭೇದಗಳ ಸ್ಥಿತಿಯೂ ಇದೇ; ‘ತಂಗಡಿ ನೆಟ್ಟರೆ ನೆಲಕ್ಕೆ ಸಾರಜನಕ ಸೇರುತ್ತದೆ’ ಎಂಬ ಹೇಳಿಕೆ ಆ ಕಾರಣಕ್ಕೆ ನಿಲ್ಲುವುದಿಲ್ಲ.

ಎಲೆಗಳು ಪರ್ಯಾಯವಾಗಿ ಜೋಡಣೆಗೊಂಡ ಗರಿರೂಪದ ಸಂಯುಕ್ತ ಪತ್ರಗಳು. ಒಂದೊಂದರಲ್ಲಿ 8ರಿಂದ 12 ಜೊತೆ ಕಿರುಎಲೆಗಳಿದ್ದು ತುದಿಯಲ್ಲಿ ಒಂಟಿ ಎಲೆ ಇರುವುದಿಲ್ಲ. ಕಿರುಎಲೆ ಸುಮಾರು 2ರಿಂದ 2.5 ಸೆಂ.ಮೀ. ಉದ್ದ, ನೀಳವೃತ್ತಾಕಾರ, ತುದಿಯಲ್ಲಿ ಸಣ್ಣ ಮೊನೆ. ಗುರುತಿಗೆ ಎರಡು ಲಕ್ಷಣಗಳು ಸಾಕು. ಮೊದಲನೆಯದು, ಎಲೆಯ ಬುಡದಲ್ಲಿ ಕಿವಿಯಂತೆ ಅಗಲವಾಗಿ ಹರಡಿ ಉದುರದೆ ಉಳಿಯುವ ವೃಂತಪತ್ರ. ಪ್ರಭೇದದ ಹೆಸರು ಬಂದಿರುವುದು ಇದರಿಂದಲೇ. ಎರಡನೆಯದು, ಪ್ರತಿ ಜೊತೆ ಕಿರುಎಲೆಗಳ ನಡುವೆ ಎಲೆದಿಂಡಿನ ಮೇಲೆ ನೆಟ್ಟಗೆ ನಿಂತ ಸಣ್ಣ ಗ್ರಂಥಿ. ಈ ಗ್ರಂಥಿಗಳು ಸಿಹಿ ರಸ ಒಸರುತ್ತವೆ.

ಕಾಯಿ ಚಪ್ಪಟೆ, ಕಾಗದದಷ್ಟು ತೆಳು, ತಿಳಿಗಂದು, ಸುಮಾರು 7ರಿಂದ 15 ಸೆಂ.ಮೀ. ಉದ್ದ. ಒಳಗೆ ಸಾಮಾನ್ಯವಾಗಿ 12ರಿಂದ 20 ಬೀಜಗಳು. ಅವುಗಳ ಹೊದಿಕೆ ಗಡಸು. ಒಣಗಿದ ಕಾಯಿಗಳು ಬಹುಕಾಲ ಗಿಡದಲ್ಲೇ ತೂಗಿಕೊಂಡಿದ್ದು ಗಾಳಿಗೆ ಸದ್ದು ಮಾಡುತ್ತವೆ.

ಹೂವು ಮತ್ತು ಪರಾಗಸ್ಪರ್ಶ

ಹೂ ರೆಂಬೆಯ ತುದಿಯಲ್ಲಿ ಗೊಂಚಲಾಗಿ ಬಿಡುತ್ತದೆ. ಒಂದೊಂದರ ಅಗಲ 4ರಿಂದ 5 ಸೆಂ.ಮೀ. ಐದು ಪುಷ್ಪದಳಗಳು ಕಡು ಹಳದಿ, ಅಂಚು ಸುಕ್ಕುಸುಕ್ಕು, ಮೈಮೇಲೆ ಕಿತ್ತಳೆ ಬಣ್ಣದ ನರಗಳು. ನೆಲದಲ್ಲಿ ತುಸು ಪಸೆಯಿದ್ದರೆ ವರ್ಷದ ಹೆಚ್ಚಿನ ತಿಂಗಳುಗಳಲ್ಲಿ ಹೂ ಕಾಣುತ್ತದೆ. ಮಳೆ ಹಿಂದೆ ಸರಿದ ಮೇಲೆ, ದೀಪಾವಳಿಯ ಆಸುಪಾಸಿನಲ್ಲಿ, ಭರ್ತಿ ಹೂವಿನ ಕಾಲ.

ಈ ಹೂವಿನಲ್ಲಿ ಮಕರಂದವಿಲ್ಲ. ಬರುವ ಕೀಟಕ್ಕೆ ಅದು ಕೊಡುವುದು ಪರಾಗ ಮಾತ್ರ, ಅದನ್ನೂ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಹೆಚ್ಚಿನ ಹೂಗಳಲ್ಲಿ ಪರಾಗಕೋಶ ಉದ್ದಕ್ಕೆ ಸೀಳಿ ಪರಾಗ ಹೊರಬಂದರೆ, ತಂಗಡಿಯ ಪರಾಗಕೋಶ ತುದಿಯ ಸಣ್ಣ ರಂಧ್ರದಲ್ಲಿ ಮಾತ್ರ ತೆರೆಯುತ್ತದೆ. ದುಂಬಿ ಕೇಸರಗಳನ್ನು ಕಾಲಿನಿಂದ ಅವುಚಿ ಹಿಡಿದು, ರೆಕ್ಕೆ ಬೀಸದೆ ಎದೆಯ ಸ್ನಾಯುಗಳನ್ನು ಅದುರಿಸಿದಾಗ ಪರಾಗ ಉಪ್ಪಿನ ಡಬ್ಬಿಯಿಂದ ಉದುರುವಂತೆ ಚಿಮ್ಮುತ್ತದೆ. ಇದನ್ನು ಕಂಪನ ಪರಾಗಸ್ಪರ್ಶ ಎನ್ನುತ್ತಾರೆ. ಗಿಡದ ಬಳಿ ನಿಂತರೆ ದುಂಬಿಯ ಹಾರಾಟದ ಮೊರೆತಕ್ಕಿಂತ ಎತ್ತರದ ಸ್ಥಾಯಿಯ ‘ಝೀ’ ಸದ್ದು ತುಂಡುತುಂಡಾಗಿ ಕೇಳಿಬರುತ್ತದೆ. ಅದು ಈ ಅದುರಿಕೆಯ ಸದ್ದು. ಬದನೆ ಮತ್ತು ಟೊಮೆಟೊ ಹೂಗಳದ್ದೂ ಇಂಥದೇ ವ್ಯವಸ್ಥೆ. ತಂಗಡಿಗೆ ಬಂದ ದುಂಬಿ ಪಕ್ಕದ ತರಕಾರಿ ಮಡಿಗೂ ಪ್ರಯೋಜನಕಾರಿಯಾಗುವುದು ಹೀಗೆ.

ಕೇಸರಗಳು ಹತ್ತು, ಆದರೆ ಎಲ್ಲವೂ ಒಂದೇ ಬಗೆಯವಲ್ಲ. ಮೇಲಿನ ಮೂರು ಬಂಜೆ. ನಡುವಿನವು ಗಿಡ್ಡ; ದುಂಬಿ ಅದುರಿಸಿ ಆಹಾರ ಪಡೆಯುವುದು ಇವುಗಳಿಂದ. ಕೆಳಗಿನವು ಉದ್ದವಾಗಿ ಮೇಲಕ್ಕೆ ಬಾಗಿದ್ದು, ಅವುಗಳ ಪರಾಗ ದುಂಬಿಯ ಮೈಯ ಮೇಲೆ ಅದರ ಕಾಲಿಗೆ ಸುಲಭವಾಗಿ ಎಟುಕದ ಕಡೆ ಬೀಳುತ್ತದೆ. ಒಂದೇ ಹೂವಿನಲ್ಲಿ ಉಣಿಸುವ ಕೇಸರ, ಸಂತಾನದ ಕೇಸರ ಎಂಬ ಈ ಕೆಲಸದ ಹಂಚಿಕೆಯನ್ನು ಹರ್ಮನ್ ಮುಲ್ಲರ್ ಮತ್ತು ಫ್ರಿಟ್ಸ್ ಮುಲ್ಲರ್ ಸೋದರರು ಬೇರೆ ಗಿಡಗಳಲ್ಲಿ ಗುರುತಿಸಿ 1880ರ ದಶಕದಲ್ಲಿ ಬರೆದಿದ್ದರು.

ಹೂವಿನ ಇನ್ನೊಂದು ವೈಚಿತ್ರ್ಯ ಶಲಾಕೆಯದು. ಕೆಲವು ಹೂಗಳಲ್ಲಿ ಶಲಾಕೆ ಎಡಕ್ಕೆ ವಾಲಿದ್ದರೆ ಕೆಲವದರಲ್ಲಿ ಬಲಕ್ಕೆ ವಾಲಿರುತ್ತದೆ. ಒಂದು ಇನ್ನೊಂದರ ಕನ್ನಡಿ ಪ್ರತಿಬಿಂಬ. ಎರಡು ಬಗೆಯ ಹೂಗಳೂ ಒಂದೇ ಗಿಡದಲ್ಲಿ ಇರುತ್ತವೆ. ದುಂಬಿಯ ಒಂದು ಪಕ್ಕಕ್ಕೆ ಅಂಟಿದ ಪರಾಗ ವಿರುದ್ಧ ಬಗೆಯ ಹೂವಿನ ಶಲಾಕಾಗ್ರಕ್ಕೆ ತಗಲುವಂತೆ ಇದು ಅನುಕೂಲ ಮಾಡುತ್ತದೆ. ತಂಗಡಿ ಮತ್ತು ಅದರ ಆಫ್ರಿಕದ ಸಂಬಂಧಿಯೊಂದರ ಹೂಗಳನ್ನು ಹೋಲಿಸಿದ ಆರ್. ಡುಲ್ಬರ್ಗರ್ ಅವರ ಅಧ್ಯಯನ 1981ರಲ್ಲಿ ಪ್ರಕಟವಾಯಿತು. ಈ ವಿಷಯದಲ್ಲಿ ಅದು ಮುಖ್ಯ ಆಕರ.

ಪರಾಗಸ್ಪರ್ಶದಲ್ಲಿ ಪ್ರಧಾನ ಪಾತ್ರ ಬಡಗಿ ದುಂಬಿಯದು. ಕಪ್ಪು ಮೈಯ, ನೀಲಿ ಹೊಳಪಿನ ರೆಕ್ಕೆಯ ಈ ದೊಡ್ಡ ದುಂಬಿಗಳು ಜ಼ೈಲೊಕೋಪ ಕುಲದವು. ಹೊಟ್ಟೆಯ ಮೇಲೆ ನೀಲಿ ಪಟ್ಟೆಗಳುಳ್ಳ ಅಮೆಜಿಲ್ಲ ಕುಲದ ಒಂಟಿಜೇನುಗಳೂ ಅದುರಿಸಬಲ್ಲವು. ತುಡುವೆ, ಹೆಜ್ಜೇನುಗಳಿಗೆ ಈ ವಿದ್ಯೆ ಬಾರದು. ಅವು ಪುಷ್ಪದಳಗಳ ಮೇಲೆ ಚೆಲ್ಲಿದ ಪರಾಗವನ್ನು ಆಯ್ದುಕೊಳ್ಳುತ್ತವೆ. ಆದ್ದರಿಂದ ಜೇನುಪೆಟ್ಟಿಗೆ ಇಟ್ಟವರಿಗೆ ತಂಗಡಿಯಿಂದ ತುಪ್ಪ ಸಿಗುತ್ತದೆಂದು ನಿರೀಕ್ಷಿಸಬಾರದು.

ಆಶ್ರಯಿಸುವ ಜೀವಿಗಳು

ದುಂಬಿಗೆ ಹೂ ಬೇಕಾದರೆ ಚಿಟ್ಟೆಗೆ ಬೇಕಾದದ್ದು ಎಲೆ. ಸೆನ್ನ ಕುಲದ ಗಿಡಗಳ ಮೇಲೆ ಮೊಟ್ಟೆಯಿಡುವ ಚಿಟ್ಟೆಗಳಲ್ಲಿ ಬಯಲುಸೀಮೆಯಲ್ಲಿ ಸಾಮಾನ್ಯವಾದದ್ದು ಮಾಟಲ್ಡ್ ಎಮಿಗ್ರೆಂಟ್, ಅಂದರೆ ಕ್ಯಾಟೋಪ್ಸಿಲಿಯ ಪೈರಾಂತೆ. ತಿಳಿ ಹಸಿರು ಬೆರೆತ ಬಿಳಿಯ ಈ ಚಿಟ್ಟೆ ಎಳೆಯ ಎಲೆಯ ಮೇಲೆ ಒಂದೊಂದೇ ಮೊಟ್ಟೆ ಅಂಟಿಸುತ್ತದೆ. ಮರಿಹುಳು ಎಲೆಯ ಬಣ್ಣದ್ದೇ. ಪಕ್ಕದಲ್ಲಿ ಕಪ್ಪು ಚುಕ್ಕಿಗಳ ಸಾಲು ಮತ್ತು ತಿಳಿ ಗೆರೆ. ಮಳೆಗಾಲದ ನಂತರ ಇವು ಗುಂಪುಗುಂಪಾಗಿ ಒಂದೇ ದಿಕ್ಕಿಗೆ ವಲಸೆ ಹಾರುವುದೂ ಉಂಟು. ಹಳದಿ ಬಣ್ಣದ ಸಣ್ಣ ಗ್ರಾಸ್ ಯೆಲ್ಲೊ ಚಿಟ್ಟೆಗಳು, ಅಂದರೆ ಯೂರಿಮ ಕುಲದವು, ಇದೇ ಕುಟುಂಬದ ಹಲವು ಗಿಡಗಳನ್ನು ಆಶ್ರಯಿಸುತ್ತವೆ. ಮರಿಹುಳುಗಳು ಕೆಲವೊಮ್ಮೆ ರೆಂಬೆಯನ್ನೇ ಬೋಳು ಮಾಡುತ್ತವೆ. ಆರೋಗ್ಯವಂತ ಗಿಡ ಕೆಲವೇ ವಾರಗಳಲ್ಲಿ ಮತ್ತೆ ಚಿಗುರುತ್ತದೆ.

ಎಲೆದಿಂಡಿನ ಗ್ರಂಥಿಗಳ ಸಿಹಿ ರಸಕ್ಕೆ ಇರುವೆಗಳು ಸದಾ ಓಡಾಡಿಕೊಂಡಿರುತ್ತವೆ. ರಸಕ್ಕೆ ಬಂದ ಇರುವೆ ಎದುರಿಗೆ ಸಿಕ್ಕ ಮೊಟ್ಟೆ, ಮರಿಹುಳುಗಳನ್ನೂ ಹೊತ್ತೊಯ್ಯುವುದರಿಂದ ಗಿಡಕ್ಕೆ ಕಾವಲು ದೊರೆಯುತ್ತದೆ. ಕಾಯಿಯೊಳಗಿನ ಬೀಜವನ್ನು ಬ್ರೂಕಿಡ್ ಜಾತಿಯ ಸಣ್ಣ ಜೀರುಂಡೆಗಳು ಕೊರೆಯುತ್ತವೆ. ಪಿಕಳಾರ, ಸಿಂಪಿಗ ಮೊದಲಾದ ಸಣ್ಣ ಹಕ್ಕಿಗಳು ಇಂಥ ಪೊದೆಗಳಲ್ಲಿ ಹುಳು ಹೆಕ್ಕುತ್ತವೆ, ಮರೆ ಪಡೆಯುತ್ತವೆ. ಹಣ್ಣು ತಿನ್ನುವ ಹಕ್ಕಿಗಳಿಗೆ ತಂಗಡಿಯಿಂದ ನೇರವಾಗಿ ಸಿಗುವುದೇನೂ ಇಲ್ಲ.

ಹೋಲುವ ಪ್ರಭೇದಗಳು

ತಂಗಡಿಯ ಒಳಗೆ ತೋಟಗಾರಿಕೆಯಲ್ಲಿ ಹೆಸರಾದ ತಳಿಗಳಿಲ್ಲ. ಆದರೆ ಅದನ್ನು ಹೋಲುವ ಸಂಬಂಧಿಗಳು ಹಲವಿದ್ದು ಅವುಗಳಲ್ಲಿ ಕೆಲವು ಹೊರನಾಡಿನವು. ಸಸಿ ತರುವಾಗ ಗೊಂದಲವಾಗುವುದು ಇಲ್ಲೇ.

ಸೀಮೆ ತಂಗಡಿ ಆಗ್ನೇಯ ಏಷ್ಯಾದಿಂದ ಬಂದ ಸಾಲುಮರ. ಶಾಸ್ತ್ರೀಯ ನಾಮ ಸೆನ್ನ ಸಯಾಮಿಯ. ಪೊದೆಯಲ್ಲ, ಮರ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಸೆನ್ನ ಸ್ಪೆಕ್ಟಾಬಿಲಿಸ್ ಕೂಡ ಮರವೇ. ಅಲಂಕಾರಕ್ಕೆಂದು ತಂದದ್ದು ಇಂದು ವಯನಾಡು, ನಾಗರಹೊಳೆ, ಬಂಡೀಪುರದ ಕಾಡುಗಳಲ್ಲಿ ಆಕ್ರಮಣಕಾರಿಯಾಗಿ ಹಬ್ಬಿದೆ. ಇದನ್ನು ನೆಡಲೇಬಾರದು. ಸೀಮೆ ಅಗಸೆ, ಅಂದರೆ ಸೆನ್ನ ಅಲಾಟ, ಅಮೆರಿಕದ್ದು. ಮೇಣದ ಬತ್ತಿಯಂತೆ ನೆಟ್ಟಗೆ ನಿಲ್ಲುವ ಹೂಗೊಂಚಲಿನಿಂದ ಬೇರೆಯಾಗಿ ಕಾಣುತ್ತದೆ. ನರ್ಸರಿಗಳಲ್ಲಿ ದೊರೆಯುವ ಸೆನ್ನ ಸುರಟೆನ್ಸಿಸ್ ಹೂವಿನಲ್ಲಿ ತಂಗಡಿಯನ್ನು ತುಂಬಾ ಹೋಲುತ್ತದೆ. ಅದರ ವೃಂತಪತ್ರ ಕಿರಿದು, ಕಿವಿಯಾಕಾರವಿಲ್ಲ. ತಗಚೆ, ಅಂದರೆ ಸೆನ್ನ ಟೋರ, ಮಳೆಗಾಲದಲ್ಲಿ ಹುಟ್ಟಿ ಒಣಗುವ ಏಕವಾರ್ಷಿಕ ಕಳೆ. ಕಿರುಎಲೆ ಮೂರೇ ಜೊತೆ. ನೆಲಾವರಿಕೆಯು ಭೇದಿ ಔಷಧಿಯ ಸೋನಾಮುಖಿ. ಕಕ್ಕೆ ಮರ ಹಳೆಯ ಕ್ಯಾಸಿಯ ಕುಲದಲ್ಲೇ ಉಳಿದಿದೆ. ಹೆದ್ದಾರಿಯ ನಡುಪಟ್ಟಿಯಲ್ಲಿ ಕಾಣುವ ಗಂಟೆಯಾಕಾರದ ಹಳದಿ ಹೂವಿನ ಟೆಕೋಮ ಗಿಡಕ್ಕೂ ತಂಗಡಿಗೂ ಸಂಬಂಧವೇ ಇಲ್ಲ.

ಉಪಯೋಗಗಳು

ಚರ್ಮ ಹದ ಮಾಡಲು: ತಂಗಡಿಯ ಆರ್ಥಿಕ ಚರಿತ್ರೆ ಅದರ ತೊಗಟೆಯದು. ಒಣಗಿದ ತೊಗಟೆಯಲ್ಲಿ ಟ್ಯಾನಿನ್ ಅಂಶ ಸುಮಾರು ಶೇ. 15ರಿಂದ 20. ಇದರಿಂದ ಹದಗೊಂಡ ಚರ್ಮ ತಿಳಿ ಬಣ್ಣದ್ದಾಗಿ, ಮೃದುವಾಗಿ, ಮುಂದೆ ಯಾವ ಬಣ್ಣಕ್ಕಾದರೂ ಒಗ್ಗುವಂತಿರುತ್ತದೆ. ಕೊಯ್ದ ರೆಂಬೆಗಳನ್ನು ಬಡಿದು ತೊಗಟೆ ಸುಲಿದು, ಒಣಗಿಸಿ, ಕುಟ್ಟಿ ನೀರಿನಲ್ಲಿ ನೆನೆಹಾಕಿ ಆ ಕಷಾಯದಲ್ಲಿ ಚರ್ಮವನ್ನು ಹಲವು ದಿನ ಇಡುವುದು ಹಳೆಯ ಪದ್ಧತಿ. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ 1807ರಲ್ಲಿ ತನ್ನ ವರದಿ ಪ್ರಕಟಿಸಿದ ಫ್ರಾನ್ಸಿಸ್ ಬುಕಾನನ್ ಈ ಕೆಲಸದಲ್ಲಿ ತಂಗಡಿ ತೊಗಟೆಯ ಬಳಕೆಯನ್ನು ದಾಖಲಿಸಿದ್ದಾನೆ. 19ನೆಯ ಶತಮಾನದಲ್ಲಿ ಮದ್ರಾಸು ಪ್ರಾಂತದ ಟ್ಯಾನರಿಗಳು ಬೆಳೆದು, ಅಲ್ಲಿಂದ ಅರೆಹದದ ಚರ್ಮ ಬ್ರಿಟನ್ನಿಗೆ ರಫ್ತಾಗತೊಡಗಿದಾಗ ತೊಗಟೆಯ ಬೇಡಿಕೆ ಹಳ್ಳಿಯ ಮಾದಿಗರ ಕೇರಿಯ ಮಿತಿ ದಾಟಿ ದೊಡ್ಡ ವ್ಯಾಪಾರವಾಯಿತು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರ ಬೂಟುಗಳ ಮೇಲ್ಭಾಗಕ್ಕೆ ಈ ಚರ್ಮ ಬಳಕೆಯಾಯಿತು. ಆನಂತರ ದಕ್ಷಿಣ ಆಫ್ರಿಕದಿಂದ ಆಮದಾದ ಅಗ್ಗದ ವ್ಯಾಟಲ್ ತೊಗಟೆ, ಅದರ ಹಿಂದೆಯೇ ಕ್ರೋಮ್ ಲವಣದ ಪದ್ಧತಿ ಬಂದು ತಂಗಡಿಯನ್ನು ಮಾರುಕಟ್ಟೆಯಿಂದ ಹೊರದೂಡಿದವು. ಸಸ್ಯಜನ್ಯ ಹದದ ಚರ್ಮ ಕೇಳುವ ಸಣ್ಣ ಕುಶಲಕರ್ಮಿಗಳ ವಲಯದಲ್ಲಿ ಮಾತ್ರ ಅದಕ್ಕೆ ಇಂದು ಬೆಲೆಯಿದೆ.

ಉಕ್ಕಿನ ಮೂಸೆಯಲ್ಲಿ: ಹೆಚ್ಚು ಜನರಿಗೆ ಗೊತ್ತಿಲ್ಲದ ಬಳಕೆ ಇದು. ಹಳೆಯ ಮೈಸೂರು ಸೀಮೆಯ ಕುಲುಮೆಗಳಲ್ಲಿ ಉಕ್ಕು ತಯಾರಿಸುವಾಗ ಮಣ್ಣಿನ ಮೂಸೆಯೊಳಗೆ ಮೆದು ಕಬ್ಬಿಣದ ತುಂಡಿನೊಂದಿಗೆ ತಂಗಡಿ ಕಾಂಡದ ಚೂರು ಮತ್ತು ಕೆಲವು ಹಸಿ ಎಲೆಗಳನ್ನು ಇಟ್ಟು ಬಾಯಿ ಮೆತ್ತಿ ಕಾಯಿಸುತ್ತಿದ್ದರೆಂದು ಬುಕಾನನ್ ಬರೆದಿದ್ದಾನೆ. ಮುಚ್ಚಿದ ಮೂಸೆಯಲ್ಲಿ ಸೌದೆ ಇದ್ದಿಲಾಗಿ ಅದರ ಇಂಗಾಲ ಕಬ್ಬಿಣಕ್ಕೆ ಇಳಿದು ಉಕ್ಕಾಗುತ್ತಿತ್ತು. ಯುರೋಪಿನ ಲೋಹಶಾಸ್ತ್ರಜ್ಞರು ವೂಟ್ಜ್ ಎಂದು ಕರೆದ ಉಕ್ಕಿನ ಚರ್ಚೆಗಳಲ್ಲಿ ಕ್ಯಾಸಿಯ ಆರಿಕ್ಯುಲೇಟದ ಹೆಸರು ಮತ್ತೆ ಮತ್ತೆ ಬರುವುದು ಈ ಕಾರಣಕ್ಕೆ. ಇತರ ಸೌದೆಗಳನ್ನು ಬಿಟ್ಟು ತಂಗಡಿಯನ್ನೇ ಆರಿಸಲು ರಾಸಾಯನಿಕ ಕಾರಣವಿರಬೇಕೆಂದೇನೂ ಇಲ್ಲ. ಆ ಸೀಮೆಯಲ್ಲಿ ಕೈಗೆ ಸುಲಭವಾಗಿ ಸಿಗುತ್ತಿದ್ದ ಸೌದೆಯೂ ಅದೇ.

ವೈದ್ಯದಲ್ಲಿ: ಆಯುರ್ವೇದ, ಸಿದ್ಧ ಮತ್ತು ಜನಪದ ವೈದ್ಯ ಮೂರರಲ್ಲೂ ತಂಗಡಿಗೆ ಸ್ಥಾನವಿದೆ. ಬೇರು, ತೊಗಟೆ, ಎಲೆ, ಹೂ, ಬೀಜ ಐದನ್ನೂ ಸೇರಿಸಿದ ಪಂಚಾಂಗ ಚೂರ್ಣವನ್ನು ಸಿದ್ಧ ವೈದ್ಯರು ಮಧುಮೇಹಕ್ಕೆ ಕೊಡುವುದುಂಟು. ಹೂವಿನ ಸಾರದಿಂದ ಮಧುಮೇಹಿ ಇಲಿಗಳ ರಕ್ತದ ಸಕ್ಕರೆ ಇಳಿದದ್ದನ್ನು ಅಣ್ಣಾಮಲೈ ವಿಶ್ವವಿದ್ಯಾಲಯದ ಸಂಶೋಧಕರು 2002ರಲ್ಲಿ ವರದಿ ಮಾಡಿದರು. ಇಲಿಗಳ ಮೇಲಿನ ಈ ಫಲಿತಾಂಶ ಮನುಷ್ಯರಿಗೆ ಚಿಕಿತ್ಸೆಯ ಪ್ರಮಾಣವಾಗುವುದಿಲ್ಲ. ಜೊತೆಗೆ, ಯಕೃತ್ತಿಗೆ ಹಾನಿ ಮಾಡಬಲ್ಲ ಪಿರೊಲಿಜಿಡಿನ್ ಆಲ್ಕಲಾಯ್ಡ್‌ಗಳು ಈ ಗಿಡದಲ್ಲಿರುವುದನ್ನು ಶ್ರೀಲಂಕಾದ ವಿಜ್ಞಾನಿಗಳು 1981ರಲ್ಲೇ ತೋರಿಸಿದ್ದಾರೆ. ಶ್ರೀಲಂಕಾದಲ್ಲಿ ಒಣಗಿಸಿದ ಹೂವಿನ ರಣವರ ಕಷಾಯವನ್ನು ಚಹಾದಂತೆ ಕುಡಿಯುವ ರೂಢಿಯಿದೆ. ವೈದ್ಯರ ಸಲಹೆಯಿಲ್ಲದೆ ದೀರ್ಘಕಾಲ ಸೇವಿಸುವುದು ಸರಿಯಲ್ಲ.

ಹಬ್ಬ ಮತ್ತು ಆಚರಣೆಯಲ್ಲಿ: ದಾವಣಗೆರೆ, ಹರಿಹರ ಭಾಗದಲ್ಲಿ ದೀಪಾವಳಿಯ ಹಟ್ಟಿ ಹಬ್ಬಕ್ಕೆ ಸಗಣಿಯಿಂದ ಪಾಂಡವರನ್ನು ಮಾಡಿ ಹೊಲದ ಹೂಗಳಿಂದ ಸಿಂಗರಿಸುತ್ತಾರೆ. ಆಗ ಚೆಂಡುಹೂ, ಉತ್ತರಾಣಿ ಕಡ್ಡಿ, ಬ್ರಹ್ಮದಂಡೆಗಳ ಜೊತೆ ತಂಗಟೆ ಹೂವಿಗೂ ಜಾಗವುಂಟು. ಹಿಂದೆ ಬದುವಿನಿಂದ ಕಿತ್ತು ತರುತ್ತಿದ್ದ ಈ ಹೂವನ್ನು ಪೇಟೆಯವರು ಹಬ್ಬದ ಸಂತೆಯಲ್ಲಿ ಕೊಳ್ಳುತ್ತಾರೆ. ತೆಲಂಗಾಣದಲ್ಲಿ ಬತುಕಮ್ಮ ಹಬ್ಬದ ಹೂಗೋಪುರಕ್ಕೆ ತಂಗೇಡು ಮುಖ್ಯ. 2014ರಲ್ಲಿ ರಾಜ್ಯ ರಚನೆಯಾದ ಮೇಲೆ ಅದನ್ನೇ ರಾಜ್ಯದ ಹೂವೆಂದು ಘೋಷಿಸಲಾಯಿತು. ತಮಿಳುನಾಡಿನಲ್ಲಿ ಪೊಂಗಲ್ ಮುನ್ನಾದಿನ ಬೇವಿನ ಸೊಪ್ಪಿನ ಜೊತೆ ಆವಾರಂ ಹೂವನ್ನು ಮನೆಯ ಸೂರಿಗೆ ಸಿಕ್ಕಿಸುತ್ತಾರೆ.

ಇತರ ಬಳಕೆ: ಸೊಪ್ಪನ್ನು ಭತ್ತದ ಗದ್ದೆಗೆ ಹಸಿರೆಲೆ ಗೊಬ್ಬರವಾಗಿ ತುಳಿಯುತ್ತಿದ್ದರು, ಚೌಳು ಗದ್ದೆಗೆ ಇದು ವಿಶೇಷವಾಗಿ ಒಳ್ಳೆಯದೆಂದು ಎಣಿಕೆ. ಎಳೆಯ ಕಡ್ಡಿ ಹಲ್ಲುಜ್ಜಲು, ತೊಗಟೆಯ ನಾರು ಹುರಿಗೆ, ಒಣಗಿದ ರೆಂಬೆ ಒಲೆಗೆ.

ತೋಟದಲ್ಲಿ ಬೆಳೆಸುವಿಕೆ

ಬೀಜದಿಂದ ಬೆಳೆಸುವುದೇ ಸುಲಭ. ಕಂದು ಬಣ್ಣಕ್ಕೆ ತಿರುಗಿ ಒಣಗಿದ ಕಾಯಿಗಳನ್ನು ಕೊಯ್ದು, ಹುಳು ಕೊರೆದ ಬೀಜಗಳನ್ನು ಬೇರ್ಪಡಿಸಬೇಕು. ಗಡಸು ಹೊದಿಕೆಯಿಂದಾಗಿ ಹಾಗೆಯೇ ಬಿತ್ತಿದ ಬೀಜ ಹುಟ್ಟುವುದು ನಿಧಾನ ಮತ್ತು ಅನಿಶ್ಚಿತ. ಕುದಿಸಿ ಇಳಿಸಿದ ಬಿಸಿ ನೀರನ್ನು ಬೀಜದ ಮೇಲೆ ಸುರಿದು ರಾತ್ರಿಯಿಡೀ ನೆನೆಯಲು ಬಿಟ್ಟರೆ, ಇಲ್ಲವೇ ಬೀಜದ ಒಂದು ಪಕ್ಕವನ್ನು ಒರಟು ಕಲ್ಲಿಗೆ ಉಜ್ಜಿದರೆ ಮೊಳಕೆ ಬೇಗ ಬರುತ್ತದೆ. ತಾಯಿಬೇರು ಬೇಗನೆ ಆಳಕ್ಕೆ ಹೋಗುವುದರಿಂದ ದೊಡ್ಡ ಸಸಿಯನ್ನು ಕಿತ್ತು ನೆಟ್ಟರೆ ಸಾಯುವುದು ಹೆಚ್ಚು. ಮುಂಗಾರಿನ ಆರಂಭದಲ್ಲಿ ಜಾಗದಲ್ಲೇ ಬಿತ್ತುವುದು ಅಥವಾ ಆಳದ ಚೀಲದಲ್ಲಿ ಬೆಳೆಸಿ ಎಳೆಯದಿರುವಾಗಲೇ ನೆಡುವುದು ಮೇಲು.

ಬಿಸಿಲು ಪೂರ್ತಿ ಬೀಳುವ ಜಾಗ ಬೇಕು. ನಂದಿಗುಡಿಯಂಥ ನಾಲೆ ಸೀಮೆಯ ಹಿತ್ತಿಲಲ್ಲಿ ನೀರು ಜಿನುಗುವ ಎರೆ ಮಣ್ಣಿದ್ದರೆ ಗರಸು, ಕಲ್ಲುಚೂರು ಬೆರೆಸಿ ಎತ್ತರಿಸಿದ ದಿಬ್ಬ ಮಾಡಿ ನೆಡಬೇಕು. ಅಷ್ಟು ಮಾಡದಿದ್ದರೆ ಮೊದಲ ಮಳೆಗಾಲದಲ್ಲೇ ಬೇರು ಕೊಳೆಯುತ್ತದೆ. ಬೇಲಿಗಾದರೆ ಗಿಡದಿಂದ ಗಿಡಕ್ಕೆ ಸುಮಾರು 1 ಮೀಟರ್ ಅಂತರ ಸಾಕು. ಮೊದಲ ಬೇಸಗೆಯಲ್ಲಿ ಆಗಾಗ ನೀರು ಕೊಟ್ಟರೆ ಮುಂದೆ ಮಳೆಯೇ ಸಾಕಾಗುತ್ತದೆ. ಗೊಬ್ಬರ ಹೆಚ್ಚಾದರೆ ಸೊಪ್ಪು ಹೆಚ್ಚಿ ಹೂ ಕಡಿಮೆಯಾಗುತ್ತದೆ. ಹೂವಿನ ಭರ ಇಳಿದ ಮೇಲೆ ಮೂರನೆಯ ಒಂದು ಭಾಗದಷ್ಟು ಸವರಬಹುದು. ಬುಡಕ್ಕೆ ಕಡಿದರೂ ಮತ್ತೆ ಚಿಗುರುವ ಗುಣ ಇದಕ್ಕಿದೆ.

ವನ್ಯಜೀವಿಗಳಿಗಾಗಿ ಬೆಳೆಸುವವರು ಪಾಲಿಸಬೇಕಾದ ಮೊದಲ ನಿಯಮ, ಎಲೆ ತಿನ್ನುವ ಹುಳುವಿಗೆ ಔಷಧ ಹೊಡೆಯದಿರುವುದು. ಹುಳು ಸತ್ತರೆ ಚಿಟ್ಟೆಯಿಲ್ಲ. ಹೂವಿನ ಮೇಲೆ ಬಿದ್ದ ಕೀಟನಾಶಕ ಪರಾಗದ ಜೊತೆ ದುಂಬಿಯ ಮರಿಗೂ ತಲುಪುತ್ತದೆ. ಬಡಗಿ ದುಂಬಿಗೆ ಗೂಡು ಕೊರೆಯಲು ಒಣ ಬಿದಿರು, ಸತ್ತ ಮರದ ಕೊರಡು ಬೇಕು. ಅಮೆಜಿಲ್ಲ ಜೇನಿಗೆ ಹುಲ್ಲು, ಸಿಮೆಂಟು ಮುಚ್ಚದ ಬರಿ ಮಣ್ಣು ಅಥವಾ ಹಳೆಯ ಮಣ್ಣಿನ ಗೋಡೆ ಬೇಕು. ತಂಗಡಿಯಲ್ಲಿ ಮಕರಂದವಿಲ್ಲದ ಕಾರಣ ಅದೊಂದನ್ನೇ ಸಾಲಾಗಿ ನೆಟ್ಟ ತೋಟ ಅರೆಬರೆಯದು. ಬಡಗಿ ದುಂಬಿಗೆ ಮಕರಂದ ಒದಗಿಸುವ ಎಕ್ಕ, ಚಿಟ್ಟೆ ಮತ್ತು ಜೇನುಗಳಿಗೆ ತುಂಬೆ ಮತ್ತು ಗೋರಂಟೆ, ಹಕ್ಕಿಗೆ ಹಣ್ಣು ಕೊಡುವ ಕವಳೆ ಇವನ್ನು ಜೊತೆಗೆ ಬೆಳೆಸಿದಾಗ ಕೊರತೆ ನೀಗುತ್ತದೆ. ಇವೆಲ್ಲ ಇದೇ ನೆಲದವು, ಇಷ್ಟೇ ಮಳೆಯಲ್ಲಿ ಬದುಕುವಂಥವು.

ಇಂದಿನ ಸ್ಥಿತಿ

ತಂಗಡಿ ಅಳಿವಿನಂಚಿನ ಗಿಡವಲ್ಲ. ದಕ್ಷಿಣದ ಒಣ ಸೀಮೆಯಲ್ಲಿ ಇಂದಿಗೂ ಧಾರಾಳವಾಗಿದೆ. ಆದರೆ ಅದು ನಿಂತಿರುವ ನೆಲದ ಬಗೆ ಕುಗ್ಗುತ್ತಿದೆ. ಗೋಮಾಳಗಳು ನಿವೇಶನ ಮತ್ತು ನೆಡುತೋಪುಗಳಾಗಿವೆ. ಉಳಿದ ಪಾಳಿನಲ್ಲಿ ಬಳ್ಳಾರಿ ಜಾಲಿ, ಲಂಟಾನ, ಕಾಂಗ್ರೆಸ್ ಗಿಡ ಮೇಲುಗೈ ಸಾಧಿಸಿವೆ. ರಸ್ತೆ ಅಗಲಗೊಂಡಾಗ ಮೊದಲು ಹೋಗುವುದು ಅಂಚಿನ ಪೊದೆ. ಟ್ರ್ಯಾಕ್ಟರಿಗೆ ಅನುಕೂಲವಾಗಲೆಂದು ಬದುಗಳನ್ನು ಕಿರಿದಾಗಿಸಿದ್ದು, ಬದುವಿನ ಮೇಲೂ ಕಳೆನಾಶಕ ಸಿಂಪಡಿಸುವುದು ಇನ್ನೊಂದು ಕಾರಣ.

ಸಾರ್ವಜನಿಕ ಉದ್ಯಾನಗಳ ಮತ್ತು ಹೆದ್ದಾರಿಗಳ ನೆಡುವ ಪಟ್ಟಿಯಲ್ಲಿ ಇದಕ್ಕೆ ಸ್ಥಾನ ಅಪರೂಪ. ದಾವಣಗೆರೆ ಮತ್ತು ಹರಿಹರವನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ರಂಥ ರಸ್ತೆಗಳ ನಡುಪಟ್ಟಿಗೆ ಸಾಮಾನ್ಯವಾಗಿ ಆಯ್ಕೆಯಾಗುವುದು ಕಾಗದದ ಹೂ, ಕಣಗಿಲೆ, ಟೆಕೋಮ. ನೀರು ಕೇಳದ, ದನ ಮೇಯದ, ಸವರಿದರೆ ಚಿಗುರುವ ತಂಗಡಿ ಆ ಜಾಗಕ್ಕೆ ಎಲ್ಲ ರೀತಿಯಲ್ಲೂ ಅರ್ಹ. ಸಸಿ ಬೆಳೆಸಿ ಮಾರುವ ನರ್ಸರಿಗಳು ವಿರಳವಾಗಿರುವುದೇ ಮುಖ್ಯ ತೊಡಕು. ಬೀಜಕ್ಕೆ ಮಾತ್ರ ಬರವಿಲ್ಲ. ಮಾಗಿಯ ಕೊನೆಗೆ ಕಾಯಿ ಒಣಗುತ್ತದೆ. ಬೇಕಾದವರು ಹತ್ತಿರದ ದಿಣ್ಣೆಯಿಂದ ಒಂದು ಹಿಡಿ ಆಯ್ದುಕೊಂಡು ಮುಂಗಾರಿನವರೆಗೆ ಒಣ ಜಾಗದಲ್ಲಿ ಕಾಪಿಡಬಹುದು.